ದಿಗಂತದ ಚುಕ್ಕೆಗೂ ಒಂದು ಹೆಸರಿದೆ: ಹಡಗು ಗುರುತಿಸುವ ಹವ್ಯಾಸದ ಒಳಹೊರಗು

ಕಡಲ ದಂಡೆಯಲ್ಲಿ ನಿಂತರೆ ದೂರದಲ್ಲಿ ಒಂದು ಬೂದು ಚುಕ್ಕೆ ಕಾಣುತ್ತದೆ. ‘ಅಲ್ನೋಡು, ಹಡಗು’ ಎಂದು ಪಕ್ಕದವರಿಗೆ ಬೆರಳು ಮಾಡಿ ತೋರಿಸಿ, ನಾವು ಮತ್ತೆ ಅಲೆಗಳ ಕಡೆ ತಿರುಗುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಇದ್ದೆ. ಆಮೇಲೆ ಒಂದು ಸಂಜೆ ಸುಮ್ನೆ ಕುತೂಹಲಕ್ಕೆ ಫೋನಿನಲ್ಲಿ ಹಡಗುಗಳ ನಕ್ಷೆ ತೆರೆದೆ. ನಾನು ನಿಂತ ಜಾಗದ ಎದುರಿಗೇ ಒಂದು ಬಾಣದ ಗುರುತು. ಒತ್ತಿದೆ, ಹೆಸರು ಬಂತು. ಉದ್ದ 225 ಮೀಟರ್. ಕಲ್ಲಿದ್ದಲು, ಧಾನ್ಯದಂಥ ಸರಕು ಹೊರುವ ಹಡಗು. ವೇಗ 11 ನಾಟ್, ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ತಲೆ ಎತ್ತಿ ನೋಡಿದರೆ ಅದೇ ಬೂದು ಚುಕ್ಕೆ. ಅವತ್ತು ಕತ್ತಲಾಗುವವರೆಗೂ ನಾನು ಅದರಿಂದ ಕಣ್ಣು ಕೀಳಲಿಲ್ಲ.

ಹಡಗು ತಾನು ಯಾರು ಎನ್ನುವುದನ್ನು ಒಂದೇ ರೀತಿಯಲ್ಲಿ ಹೇಳುವುದಿಲ್ಲ. ಮೈಮೇಲಿನ ಬಣ್ಣ, ಗುರುತು, ಅಂಕಿಗಳಲ್ಲಿ ಹೇಳುತ್ತದೆ. ರಾತ್ರಿ ದೀಪಗಳಲ್ಲಿ ಹೇಳುತ್ತದೆ. ಕಣ್ಣಿಗೆ ಕಾಣದ ರೇಡಿಯೊ ಅಲೆಗಳಲ್ಲೂ ಹೇಳುತ್ತಲೇ ಇರುತ್ತದೆ. ಒಂದು ಹೇಳಿದ್ದನ್ನು ಇನ್ನೊಂದರ ಜೊತೆ ತಾಳೆ ನೋಡುವುದರಲ್ಲೇ ಈ ಹವ್ಯಾಸದ ಸ್ವಾರಸ್ಯ ಇದೆ. ಬರೀ ಫೋನು ನೋಡುವವರಿಗೆ ಅರ್ಧ ಸಿಗುತ್ತದೆ. ಬರೀ ಕಡಲು ನೋಡುವವರಿಗೂ ಅರ್ಧವೇ.

ಮೊದಲು ಕಣ್ಣಿನಿಂದ

ದೂರದಿಂದ ಶುರು ಮಾಡೋಣ. ದಂಡೆಯಲ್ಲಿ ನಿಂತವರ ಕಣ್ಣು ನೀರಿನಿಂದ 2 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಇರುವುದು ಬರೀ 5 ಕಿಲೋಮೀಟರ್ ದೂರದಲ್ಲಿ. 30 ಮೀಟರ್ ಎತ್ತರದ ಗುಡ್ಡ ಹತ್ತಿದರೆ ಅದೇ ದಿಗಂತ ಸುಮಾರು 20 ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ಲೆಕ್ಕ ಸುಲಭ: ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ದಿಗಂತದ ಆಚೆಗಿರುವ ಹಡಗಿನ ಒಡಲನ್ನು ಭೂಮಿಯ ದುಂಡು ಮರೆ ಮಾಡಿರುತ್ತದೆ. ಮೇಲಿನ ಭಾಗ ಮಾತ್ರ ಇಣುಕುತ್ತದೆ. ನೀರಿನಿಂದ 40 ಮೀಟರ್ ಮೇಲಿರುವ ಹಡಗಿನ ನೆತ್ತಿ ದಂಡೆಯಲ್ಲಿ ನಿಂತವರಿಗೆ 27 ಕಿಲೋಮೀಟರ್ ದೂರದಿಂದಲೇ ಕಾಣಬಹುದು, ಗಾಳಿ ತಿಳಿಯಾಗಿದ್ದರೆ. ಹಾಗಾಗಿ ಕಟ್ಟಡದಂಥ ಭಾಗವಷ್ಟೇ ಕಂಡು ಅದರ ಕೆಳಗೆ ಒಡಲೇ ಇಲ್ಲದಂತೆ ತೋರಿದರೆ, ಆ ಹಡಗು ತುಂಬ ದೂರದಲ್ಲಿದೆ ಎಂದು ತಿಳಿಯಿರಿ.

ಇನ್ನು ಆಕಾರ. ಹಡಗಿನ ಕಟ್ಟಡ, ಅಂದರೆ ನಾವಿಕರು ಇರುವ, ಹಡಗನ್ನು ನಡೆಸುವ ಭಾಗ, ಹಿಂದಿದ್ದು ಮುಂದೆಲ್ಲ ಚಪ್ಪಟೆಯಾಗಿದ್ದರೆ ಅದು ತೈಲದಂಥ ದ್ರವ ಹೊರುವ ಟ್ಯಾಂಕರ್ ಅಥವಾ ಕಲ್ಲಿದ್ದಲು, ಧಾನ್ಯದಂಥ ಸರಕು ಹೊರುವ ಬಲ್ಕ್ ಕ್ಯಾರಿಯರ್. ಟ್ಯಾಂಕರಿನ ಡೆಕ್ಕಿನ ಮೇಲೆ ಉದ್ದಕ್ಕೂ ಕೊಳವೆಗಳು ಓಡಿರುತ್ತವೆ. ನಡುವೆ ಕೊಳವೆ ಎತ್ತುವ ಸಣ್ಣ ಕ್ರೇನು ಇರುತ್ತದೆ. ಬಲ್ಕ್ ಕ್ಯಾರಿಯರಿನಲ್ಲಿ ಕೊಳವೆ ಇಲ್ಲ, ಸಾಲಾಗಿ ದೊಡ್ಡ ಮುಚ್ಚಳಗಳು; ಕೆಲವದರಲ್ಲಿ ಮುಚ್ಚಳಗಳ ನಡುನಡುವೆ ನಾಲ್ಕೈದು ಕ್ರೇನು. ಕಾರು ಸಾಗಿಸುವ ಹಡಗು ಕಿಟಕಿಯೇ ಇಲ್ಲದ ದೊಡ್ಡ ಪೆಟ್ಟಿಗೆಯ ಹಾಗೆ ಕಾಣುತ್ತದೆ. ಡೆಕ್ಕಿನ ಮೇಲೆ ಅರ್ಧ ಚೆಂಡುಗಳನ್ನು ಕವುಚಿಟ್ಟ ಹಾಗಿದ್ದರೆ ಅದು ದ್ರವೀಕೃತ ನೈಸರ್ಗಿಕ ಅನಿಲದ ಹಡಗು. ಎಲ್ಲ ಅನಿಲದ ಹಡಗಿಗೂ ಆ ಗುಮ್ಮಟಗಳು ಇರುವುದಿಲ್ಲ, ಆದರೆ ಇದ್ದರೆ ಅನುಮಾನವೇ ಬೇಡ. ಕಂಟೇನರ್ ಹಡಗನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೀರಾ ದೊಡ್ಡ ಕಂಟೇನರ್ ಹಡಗುಗಳಲ್ಲಿ ಮಾತ್ರ ಒಂದು ವಿಶೇಷ ಇದೆ: ನಾವಿಕರ ಕಟ್ಟಡ ಮುಂದೆ, ಹೊಗೆಕೊಳವೆ ಹಿಂದೆ, ಎರಡೂ ಬೇರೆಬೇರೆ ಗೋಪುರಗಳಾಗಿ ಕಾಣುತ್ತವೆ.

ಹಡಗು ಇನ್ನೂ ಹತ್ತಿರ ಬಂದಾಗ ನಾನು ಮೊದಲು ನೋಡುವುದು ನೀರಿನ ಗೆರೆಯನ್ನು. ಹಡಗಿನ ಕೆಳಭಾಗಕ್ಕೆ ಹೆಚ್ಚಾಗಿ ಕೆಂಪು ಬಣ್ಣ ಇರುತ್ತದೆ. ಚಿಪ್ಪುಜೀವಿ, ಪಾಚಿ ಅಂಟದಿರಲಿ ಎಂದು ಬಳಿಯುವ ಬಣ್ಣ ಅದು. ಹಿಂದೆ ಅದರಲ್ಲಿದ್ದ ತಾಮ್ರದ ಅಂಶದಿಂದ ಕೆಂಪು ಬರುತ್ತಿತ್ತು. ರೂಢಿ ಹಾಗೇ ಉಳಿದಿದೆ. ಕೆಂಪು ಜಾಸ್ತಿ ಕಂಡರೆ ಹಡಗು ಖಾಲಿ. ಮೂತಿಯ ಕೆಳಗಿನ ದುಂಡು ಉಬ್ಬು ನೀರಿನ ಮೇಲೆ ಕಾಣುತ್ತಿದ್ದರೆ, ಹಿಂದೆ ಚುಕ್ಕಾಣಿಯ ನೆತ್ತಿಯೂ ಕಾಣುತ್ತಿದ್ದರೆ, ಸರಕು ಇಳಿಸಿ ಹೊರಟಿದೆ ಎಂದು ಹೇಳಬಹುದು. ತುಂಬಿದ ಹಡಗು ನೀರಿನಲ್ಲಿ ತಗ್ಗಿ ಕೂತಿರುತ್ತದೆ.

ಮಗ್ಗುಲಿನ ನಡುವೆ ಒಂದು ವೃತ್ತ, ಅದನ್ನು ಅಡ್ಡ ಸೀಳುವ ಒಂದು ಗೆರೆ ಕಾಣುತ್ತದೆ. ಇದರ ಹಿಂದೆ ಒಂದು ದೊಡ್ಡ ಹೋರಾಟ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಕೆಲವು ಮಾಲೀಕರು ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ ಕಳಿಸುತ್ತಿದ್ದರು. ಮುಳುಗಿದರೆ ವಿಮೆಯ ಹಣ ಬರುತ್ತಿತ್ತು, ಸಾಯುತ್ತಿದ್ದವರು ನಾವಿಕರು. ಬ್ರಿಟನ್ನಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ವರ್ಷಗಟ್ಟಲೆ ಗುದ್ದಾಡಿದರು. 1876ರ ಕಾಯ್ದೆಯಲ್ಲಿ ಹಡಗಿನ ಮೈಮೇಲೆ ಈ ಗುರುತು ಕಡ್ಡಾಯವಾಯಿತು. ಈಗಲೂ ಅದಕ್ಕೆ ಪ್ಲಿಮ್ಸಾಲ್ ಗೆರೆ ಎಂದೇ ಹೆಸರು. ವೃತ್ತದ ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂಥ ಸಣ್ಣ ಗೆರೆಗಳಿರುತ್ತವೆ. ಬೇಸಿಗೆಯ ಕಡಲಿಗೆ ಒಂದು, ಚಳಿಗಾಲದ ಕಡಲಿಗೆ ಒಂದು, ಉಷ್ಣವಲಯಕ್ಕೆ ಒಂದು, ಸಿಹಿನೀರಿಗೆ ಒಂದು. ಸಿಹಿನೀರಿನ ಸಾಂದ್ರತೆ ಕಡಿಮೆ, ಅಲ್ವಾ? ಅದೇ ತೂಕದ ಹಡಗು ನದಿಯಲ್ಲಿ ಸ್ವಲ್ಪ ಹೆಚ್ಚು ಮುಳುಗುತ್ತದೆ. ಅದಕ್ಕೇ ಸಿಹಿನೀರಿನ ಗೆರೆ ಉಪ್ಪುನೀರಿನ ಗೆರೆಗಿಂತ ಮೇಲಿರುತ್ತದೆ.

ಮೂತಿಯ ಹತ್ತಿರ, ನಡುವೆ ಮತ್ತು ಹಿಂದೆ ಬಿಳಿ ಅಂಕಿಗಳ ಸಾಲು ಇರುತ್ತದೆ. ಹಡಗು ಎಷ್ಟು ಮೀಟರ್ ಮುಳುಗಿದೆ ಎಂದು ಹೇಳುವ ಅಳತೆಪಟ್ಟಿ ಅದು. ಇದನ್ನು ಡ್ರಾಫ್ಟ್ ಎನ್ನುತ್ತಾರೆ. ಮೀಟರ್ ಲೆಕ್ಕದ ಪಟ್ಟಿಯಲ್ಲಿ ಒಂದೊಂದು ಅಂಕಿಯ ಎತ್ತರ 10 ಸೆಂಟಿಮೀಟರ್, ಅಂಕಿಗಳ ನಡುವಿನ ಜಾಗವೂ 10 ಸೆಂಟಿಮೀಟರ್. ಅಂಕಿಯ ತಳ ನೀರಿಗೆ ತಾಗಿದ್ದರೆ ಆ ಅಂಕಿಯೇ ಡ್ರಾಫ್ಟ್. ಒಳ್ಳೆಯ ದುರ್ಬೀನು ಅಥವಾ ಜೂಮ್ ಲೆನ್ಸ್ ಇದ್ದರೆ ಬಂದರಿನ ಬಾಯಲ್ಲಿ ನಿಂತು ಇದನ್ನು ಓದಬಹುದು. ಈ ಅಂಕಿ ಮುಂದೆ ಮತ್ತೆ ಬೇಕಾಗುತ್ತದೆ.

ಹೆಸರು ಬದಲಾದರೂ ಬದಲಾಗದ ಸಂಖ್ಯೆ

ಹಡಗಿನ ಹೆಸರು ಮೂತಿಯ ಎರಡೂ ಮಗ್ಗುಲಲ್ಲಿ ಮತ್ತು ಹಿಂಭಾಗದಲ್ಲಿ ಇರುತ್ತದೆ. ಹಿಂದೆ ಹೆಸರಿನ ಕೆಳಗೆ ಅದು ನೋಂದಣಿಯಾದ ಊರು. ಮಗ್ಗುಲಿನ ಉದ್ದಕ್ಕೂ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಹಡಗಿನ ಹೆಸರಲ್ಲ, ಅದನ್ನು ನಡೆಸುವ ಕಂಪನಿಯ ಹೆಸರು. 2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡ ಹಡಗನ್ನು ಎಷ್ಟೋ ಜನ ‘ಎವರ್‌ಗ್ರೀನ್’ ಎಂದೇ ಕರೆದರು. ಅದು ಕಂಪನಿಯ ಹೆಸರು. ಹಡಗಿನ ಹೆಸರು ‘ಎವರ್ ಗಿವನ್’. 400 ಮೀಟರ್ ಉದ್ದದ ಆ ಹಡಗು 29ನೇ ತಾರೀಖು ಬಿಡುಗಡೆಯಾಗುವ ತನಕ ಜಗತ್ತಿನ ಮೂಲೆಮೂಲೆಯ ಜನ ಫೋನಿನ ನಕ್ಷೆಯಲ್ಲಿ ಅದನ್ನೇ ನೋಡುತ್ತ ಕೂತಿದ್ದರು. ಹಡಗುಗಳ ನಕ್ಷೆ ಎಂಬುದೊಂದು ಇದೆ ಎಂದು ಬಹಳ ಜನರಿಗೆ ಗೊತ್ತಾಗಿದ್ದೇ ಆ ವಾರದಲ್ಲಿ.

ಆ ಹಡಗಿನ ಬಾವುಟ ಪನಾಮಾದ್ದು. ಮಾಲೀಕರು ಜಪಾನಿನವರು. ನಡೆಸುತ್ತಿದ್ದದ್ದು ತೈವಾನಿನ ಕಂಪನಿ. ಒಳಗಿದ್ದ 25 ನಾವಿಕರೂ ಭಾರತೀಯರು. ಇದು ಅಪರೂಪವೇನಲ್ಲ, ಕಡಲಿನಲ್ಲಿ ಹೆಚ್ಚುಕಡಿಮೆ ಇದೇ ಮಾಮೂಲು. ತೆರಿಗೆ, ನಿಯಮ, ಖರ್ಚು ಎಲ್ಲ ನೋಡಿಕೊಂಡು ಮಾಲೀಕರು ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳಂಥ ಕಡೆ ನೋಂದಣಿ ಮಾಡಿಸುತ್ತಾರೆ. ಹಾಗಾಗಿ ಬಾವುಟ ನೋಡಿ ಹಡಗು ಯಾವ ದೇಶದವರದ್ದು ಎಂದು ತೀರ್ಮಾನ ಮಾಡಬಾರದು.

ಹೆಸರು ಬದಲಾಗುತ್ತದೆ, ಮಾಲೀಕರು ಬದಲಾಗುತ್ತಾರೆ, ಬಾವುಟವೂ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಐಎಂಒ ಸಂಖ್ಯೆ. ವಿಶ್ವಸಂಸ್ಥೆಯ ಅಂಗವಾದ ಇಂಟರ್‌ನ್ಯಾಷನಲ್ ಮ್ಯಾರಿಟೈಮ್ ಆರ್ಗನೈಸೇಶನ್ ಈ ಪದ್ಧತಿಯನ್ನು 1987ರಲ್ಲಿ ಒಪ್ಪಿಕೊಂಡಿತು, 1996ರಿಂದ ಕಡ್ಡಾಯ ಮಾಡಿತು. ಏಳು ಅಂಕಿಗಳ ಈ ಸಂಖ್ಯೆ ಹಡಗು ಕಟ್ಟುವಾಗ ಸಿಕ್ಕರೆ ಒಡೆಯುವ ತನಕ ಅದರದ್ದೇ. ಹಿಂಭಾಗದಲ್ಲೋ ಮಗ್ಗುಲಲ್ಲೋ ಕಾಣುವ ಹಾಗೆ ಅದನ್ನು ಗುರುತಿಸಿರಬೇಕು. ಪ್ರಯಾಣಿಕರ ಹಡಗುಗಳಲ್ಲಿ ಆಕಾಶದಿಂದಲೂ ಕಾಣುವಂತೆ ಬರೆದಿರುತ್ತಾರೆ.

ಈ ಸಂಖ್ಯೆಯಲ್ಲಿ ಒಂದು ಜಾಣತನ ಇದೆ. ಎವರ್ ಗಿವನ್ ಹಡಗಿನ ಸಂಖ್ಯೆ 9811000. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ. ಒಂಬತ್ತೇಳ್ಲ 63, ಎಂಟಾರ್ಲ 48, ಆಮೇಲೆ 5, ಆಮೇಲೆ 4, ಉಳಿದವು ಸೊನ್ನೆ. ಕೂಡಿದರೆ 120. ಕೊನೆಯ ಅಂಕಿ ಸೊನ್ನೆ. ಸಂಖ್ಯೆಯ ಏಳನೇ ಅಂಕಿಯೂ ಸೊನ್ನೆ. ಹೀಗೆ ತಾಳೆಯಾಗದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ ಎಂದರ್ಥ. ಮಂಜಿನಲ್ಲಿ ತೆಗೆದ ಫೋಟೊದಲ್ಲಿ ಅದು 3ಓ 8ಓ ಎಂದು ಗೊತ್ತಾಗದೆ ಒದ್ದಾಡುವಾಗ ಈ ಲೆಕ್ಕ ನನಗೆ ಎಷ್ಟೋ ಸಲ ದಾರಿ ತೋರಿಸಿದೆ.

ಗಾಳಿಯಲ್ಲಿ ಹಾರುವ ಗುರುತಿನ ಚೀಟಿ

ಈಗ ನಕ್ಷೆಯ ಬಾಣಗಳಿಗೆ ಬರೋಣ. ಅವು ಎಲ್ಲಿಂದ ಬರುತ್ತವೆ? ರಾಡಾರ್ ಅಲ್ಲ, ಉಪಗ್ರಹದ ಫೋಟೊ ಅಲ್ಲ. ಹಡಗೇ ಕೂಗಿ ಹೇಳುತ್ತಿರುತ್ತದೆ. ಈ ವ್ಯವಸ್ಥೆಯ ಹೆಸರು ಆಟೊಮ್ಯಾಟಿಕ್ ಐಡೆಂಟಿಫಿಕೇಶನ್ ಸಿಸ್ಟಮ್, ಚಿಕ್ಕದಾಗಿ ಎಐಎಸ್. ಇದನ್ನು ಮಾಡಿದ್ದು ನಮ್ಮಂಥ ಹವ್ಯಾಸಿಗಳಿಗಾಗಿ ಅಲ್ಲ. ಕತ್ತಲಲ್ಲಿ, ಮಂಜಿನಲ್ಲಿ, ಗುಡ್ಡದ ತಿರುವಿನ ಆಚೆ ಇರುವ ಹಡಗು ಯಾವುದು, ಎತ್ತ ಹೋಗುತ್ತಿದೆ ಎಂದು ಇನ್ನೊಂದು ಹಡಗಿಗೆ ತಿಳಿದರೆ ಡಿಕ್ಕಿ ತಪ್ಪುತ್ತದೆ. ಅದಕ್ಕಾಗಿ. ಅಂತರರಾಷ್ಟ್ರೀಯ ಯಾನ ಮಾಡುವ 300 ಗ್ರಾಸ್ ಟನ್ನೇಜ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳು, ಎಲ್ಲ ಗಾತ್ರದ ಪ್ರಯಾಣಿಕರ ಹಡಗುಗಳು ಇದನ್ನು ಹೊಂದಿರಲೇಬೇಕು. 2004ರ ಕೊನೆಯ ಹೊತ್ತಿಗೆ ಈ ನಿಯಮ ಪೂರ್ತಿ ಜಾರಿಗೆ ಬಂತು. ಅಂದಹಾಗೆ ಗ್ರಾಸ್ ಟನ್ನೇಜ್ ಅಂದರೆ ತೂಕವಲ್ಲ. ಹಡಗಿನ ಒಳಗಿನ ಒಟ್ಟು ಜಾಗವನ್ನು ಆಧರಿಸಿದ ಲೆಕ್ಕ. ಇದರಲ್ಲಿ ಹೊಸಬರು ಯಾವಾಗಲೂ ಎಡವುತ್ತಾರೆ.

ಎಐಎಸ್ ಕೆಲಸ ಮಾಡುವ ರೀತಿ ನನಗೆ ತುಂಬ ಇಷ್ಟ. ಜಗತ್ತಿನ ಎಲ್ಲ ಹಡಗುಗಳೂ ಮುಖ್ಯವಾಗಿ ಎರಡೇ ಎರಡು ರೇಡಿಯೊ ಚಾನೆಲ್ ಬಳಸುತ್ತವೆ: 161.975 ಮತ್ತು 162.025 ಮೆಗಾಹರ್ಟ್ಜ್. ಒಂದು ಇಕ್ಕಟ್ಟಾದ ಜಲಸಂಧಿಯಲ್ಲಿ ನೂರಾರು ಹಡಗು ಒಟ್ಟಿಗೆ ಮಾತಾಡಿದರೆ ಗದ್ದಲವಾಗಬೇಕಲ್ಲ? ಆಗುವುದಿಲ್ಲ. ಪ್ರತಿ ಚಾನೆಲಿನಲ್ಲೂ ಒಂದು ನಿಮಿಷವನ್ನು 2,250 ಚೂರುಗಳಾಗಿ ಹಂಚಿದ್ದಾರೆ. ಒಂದು ಚೂರು ಸುಮಾರು 27 ಮಿಲಿಸೆಕೆಂಡ್. ಅಷ್ಟರಲ್ಲೇ ಹಡಗು ತನ್ನ ಮಾತು ಮುಗಿಸಬೇಕು. ಯಾರು ಯಾವಾಗ ಮಾತಾಡಬೇಕು ಎಂದು ಹೇಳುವ ಯಜಮಾನ ಯಾರೂ ಇಲ್ಲ. ಪ್ರತಿ ಹಡಗೂ ಮೊದಲು ಕಿವಿಗೊಟ್ಟು ಕೇಳುತ್ತದೆ, ಖಾಲಿ ಇರುವ ಚೂರನ್ನು ಹಿಡಿಯುತ್ತದೆ, ಮಾತಾಡುವಾಗಲೇ ‘ಮುಂದಿನ ಸಲ ಈ ಚೂರು ನನ್ನದು’ ಎಂದು ಕಾದಿರಿಸುತ್ತದೆ. ಗಡಿಯಾರಗಳೆಲ್ಲ ಒಂದೇ ಹೊತ್ತು ತೋರಿಸುವುದಕ್ಕೆ ಜಿಪಿಎಸ್ ಸಮಯ ಇದೆ. ಜಾಗ ಸಾಲದೇ ಹೋದರೆ ತೀರಾ ದೂರದ ಹಡಗಿನ ಚೂರಿನ ಮೇಲೆಯೇ ಮಾತಾಡುತ್ತದೆ. ಡಿಕ್ಕಿಯ ಅಪಾಯ ಇರುವುದು ಹತ್ತಿರದವರಿಂದ ತಾನೇ!

ಲಂಗರು ಹಾಕಿ ನಿಂತ ದೊಡ್ಡ ಹಡಗು ಮೂರು ನಿಮಿಷಕ್ಕೊಮ್ಮೆ ತನ್ನ ಜಾಗ ಹೇಳುತ್ತದೆ. 14 ನಾಟ್ ಒಳಗಿನ ವೇಗದಲ್ಲಿ ನೇರ ಹೋಗುವಾಗ 10 ಸೆಕೆಂಡಿಗೊಮ್ಮೆ. ತಿರುಗಲು ಶುರು ಮಾಡಿದರೆ ಮೂರು ಸೆಕೆಂಡು ಚಿಲ್ಲರೆ. 23 ನಾಟ್ ಮೀರಿದರೆ ಎರಡು ಸೆಕೆಂಡಿಗೊಮ್ಮೆ. ಹೆಸರು, ಅಳತೆ, ಹೋಗುವ ಊರು ಇತ್ಯಾದಿ ಆರು ನಿಮಿಷಕ್ಕೊಮ್ಮೆ ಮಾತ್ರ ಬರುತ್ತದೆ. ಅದಕ್ಕೇ ಹೊಸದಾಗಿ ಕಾಣಿಸಿಕೊಂಡ ಹಡಗಿಗೆ ಸ್ವಲ್ಪ ಹೊತ್ತು ಹೆಸರಿಲ್ಲದೆ ಬರೀ ಒಂಬತ್ತು ಅಂಕಿಯ ಸಂಖ್ಯೆ ಇರುತ್ತದೆ.

ಆ ಒಂಬತ್ತು ಅಂಕಿಗಳಿಗೆ ಎಂಎಂಎಸ್‌ಐ ಎಂದು ಹೆಸರು. ಹಡಗಿನ ರೇಡಿಯೊದ ಫೋನ್ ನಂಬರಿನ ಹಾಗೆ. ಮೊದಲ ಮೂರು ಅಂಕಿ ಬಾವುಟದ ದೇಶ ಹೇಳುತ್ತವೆ. 419 ಭಾರತ, 636 ಲೈಬೀರಿಯಾ, 538 ಮಾರ್ಷಲ್ ದ್ವೀಪಗಳು, 477 ಹಾಂಗ್‌ಕಾಂಗ್. ಬಾವುಟ ಬದಲಾದರೆ ಇದೂ ಬದಲಾಗುತ್ತದೆ. 99ರಿಂದ ಶುರುವಾದರೆ ಅದು ಹಡಗಲ್ಲ, ಬೋಯೆ (ದಾರಿ ತೋರಲು ನೀರಿನಲ್ಲಿ ತೇಲಿಬಿಟ್ಟ ಗುರುತು) ಅಥವಾ ದೀಪಸ್ತಂಭ. 111 ಬಂದರೆ ರಕ್ಷಣಾ ಕಾರ್ಯದ ವಿಮಾನ. 970 ಅಂದರೆ ಜೀವರಕ್ಷಣೆಯ ದೋಣಿಗಳಲ್ಲಿರುವ ಅಪಾಯಸೂಚಕ. ಅದನ್ನು ಮೊದಲ ಸಲ ಕಂಡವರ ಎದೆ ಧಸಕ್ಕೆನ್ನುತ್ತದೆ. ‘ಟೆಸ್ಟ್’ ಎಂದು ಜೊತೆಗೆ ಬಂದಿದ್ದರೆ ನಾವಿಕರು ಪರೀಕ್ಷೆ ಮಾಡುತ್ತಿದ್ದಾರೆ ಎಂದರ್ಥ.

ಈ ಸಂದೇಶಗಳನ್ನು ಯಾರು ಬೇಕಾದರೂ ಹಿಡಿಯಬಹುದಾದ ಹಾಗೆ, ಗುಪ್ತ ಸಂಕೇತವಿಲ್ಲದೆ ಕಳಿಸುತ್ತಾರೆ. ಕರಾವಳಿಯಲ್ಲಿ ಇರುವ ಹವ್ಯಾಸಿಗಳು ತಮ್ಮ ಮನೆಯ ಮೇಲೆ ಆಂಟೆನಾ ಹಾಕಿ, ಹಿಡಿದದ್ದನ್ನು ಇಂಟರ್ನೆಟ್ಟಿನಲ್ಲಿ ಹಂಚುತ್ತಾರೆ. ಆ ಸಾವಿರಾರು ಆಂಟೆನಾಗಳನ್ನು ಒಟ್ಟು ಮಾಡಿದ ನಕ್ಷೆಯೇ ನೀವು ಫೋನಿನಲ್ಲಿ ನೋಡುವುದು. ಇವುಗಳಲ್ಲಿ ಹೆಸರಾದ ಮರೀನ್‌ಟ್ರಾಫಿಕ್ ಶುರುವಾದದ್ದು 2007ರಲ್ಲಿ, ಗ್ರೀಸ್‌ನ ಏಜಿಯನ್ ವಿಶ್ವವಿದ್ಯಾಲಯದ ಒಂದು ಯೋಜನೆಯಾಗಿ. ವೆಸೆಲ್‌ಫೈಂಡರ್ ಇನ್ನೊಂದು. ನಡುಗಡಲಿನಲ್ಲಿ ದಂಡೆಯ ಆಂಟೆನಾ ಎಟುಕುವುದಿಲ್ಲ. ಅಲ್ಲಿನ ಸದ್ದನ್ನು ಉಪಗ್ರಹಗಳು ಹಿಡಿಯುತ್ತವೆ, ಅದಕ್ಕೆ ಹೆಚ್ಚಾಗಿ ದುಡ್ಡು ಕೊಡಬೇಕು. ಸಾಗರದ ನಡುವೆ ಹೋದ ಹಡಗಿನ ಗುರುತು ಮಸುಕಾಗಿ ಮಾಯವಾದರೆ ಗಾಬರಿ ಬೇಡ, ಆಂಟೆನಾದ ಕಿವಿ ದಾಟಿದೆ ಅಷ್ಟೆ.

ಮನೆಯಲ್ಲೇ ಹಿಡಿಯಬೇಕೆಂಬ ಆಸೆ ಇದ್ದರೆ ದೊಡ್ಡ ಸಲಕರಣೆ ಬೇಕಿಲ್ಲ. ಆರ್‌ಟಿಎಲ್-ಎಸ್‌ಡಿಆರ್ ಎಂಬ, ಪೆನ್‌ಡ್ರೈವ್ ಗಾತ್ರದ ರೇಡಿಯೊ ಸಾಕು. ಕಂಪ್ಯೂಟರಿಗೆ ಚುಚ್ಚಿ, ಎಐಎಸ್-ಕ್ಯಾಚರ್‌ನಂಥ ಉಚಿತ ಸಾಫ್ಟ್‌ವೇರ್ ಹಾಕಿದರೆ ಆಯಿತು. ಆಂಟೆನಾದ ಕಡ್ಡಿಯ ಉದ್ದ ಸುಮಾರು 46 ಸೆಂಟಿಮೀಟರ್ ಇರಲಿ. 162 ಮೆಗಾಹರ್ಟ್ಜ್ ಅಲೆಯ ಉದ್ದ 1.85 ಮೀಟರ್, ಅದರ ಕಾಲು ಭಾಗ ಇದು. ನೆಟ್ಟಗೆ ನಿಲ್ಲಿಸಬೇಕು. ಬೇರೆ ಎಲ್ಲದಕ್ಕಿಂತ ಎತ್ತರ ಮುಖ್ಯ. ನಿಮ್ಮ ಆಂಟೆನಾ 10 ಮೀಟರ್, ಹಡಗಿನದ್ದು 30 ಮೀಟರ್ ಎತ್ತರದಲ್ಲಿದ್ದರೆ ಸುಮಾರು 35 ಕಿಲೋಮೀಟರ್ ತನಕ ಕೇಳಿಸಬೇಕು. ಆದರೆ ಕೆಲವು ದಿನ ನೀರಿನ ಮೇಲೆ ಬಿಸಿಗಾಳಿಯ ಪದರ ಮುಚ್ಚಳದ ಹಾಗೆ ಕೂರುತ್ತದೆ. ಆಗ ರೇಡಿಯೊ ಅಲೆಗಳು ಕೊಳವೆಯೊಳಗೆ ಹರಿದಂತೆ ಬಾಗಿ ಬಾಗಿ ಬರುತ್ತವೆ. ನೂರಾರು ಕಿಲೋಮೀಟರ್ ಆಚೆಯ ಹಡಗು ಪರದೆಯ ಮೇಲೆ ಮೂಡುತ್ತದೆ. ಅಂಥ ದಿನ ನಾನು ಊಟ ಮರೆತು ಕೂತದ್ದಿದೆ.

ಪರದೆ ಹೇಳಿದ್ದೆಲ್ಲ ನಿಜವಲ್ಲ

ಎಐಎಸ್ ಹೇಳುವುದರಲ್ಲಿ ಎರಡು ಜಾತಿ ಇದೆ. ಜಾಗ, ವೇಗ, ದಿಕ್ಕು ಇವು ಯಂತ್ರದಿಂದ ತಾನೇ ಬರುತ್ತವೆ. ಹೋಗುವ ಬಂದರು, ತಲುಪುವ ಹೊತ್ತು, ಡ್ರಾಫ್ಟ್, ‘ಲಂಗರು ಹಾಕಿದ್ದೇನೆ’ ‘ಚಲಿಸುತ್ತಿದ್ದೇನೆ’ ಎಂಬ ಸ್ಥಿತಿ, ಇವನ್ನೆಲ್ಲ ಹಡಗಿನ ಅಧಿಕಾರಿಯೊಬ್ಬರು ಕೈಯಿಂದ ಬರೆಯಬೇಕು. ಮರೆತರೆ ಹಳೆಯದೇ ಉಳಿಯುತ್ತದೆ. ಹದಿನೈದು ನಾಟ್ ವೇಗದಲ್ಲಿ ಓಡುವ ಹಡಗು ‘ಲಂಗರು ಹಾಕಿದೆ’ ಎಂದು ಹೇಳುವುದನ್ನು ನೀವು ವಾರಕ್ಕೊಮ್ಮೆಯಾದರೂ ನೋಡುತ್ತೀರಿ.

ನನಗೆ ಇದು ಮನಸ್ಸಿಗೆ ಇಳಿದದ್ದು ಒಂದು ಬೆಳಿಗ್ಗೆ. ಬಂದರಿನ ಅಲೆತಡೆ ಗೋಡೆಯ ಹತ್ತಿರ, ಜನ ಓಡಾಡುವ ದಾರಿಯಲ್ಲಿ ನಿಂತಿದ್ದೆ. ಒಂದು ಬಲ್ಕ್ ಕ್ಯಾರಿಯರ್ ಹೊರಗೆ ಬರುತ್ತಿತ್ತು. ಫೋನಿನಲ್ಲಿ ಡ್ರಾಫ್ಟ್ 12.6 ಮೀಟರ್ ಎಂದಿತ್ತು. ಅಂದರೆ ತುಂಬಿದ ಹಡಗು. ದುರ್ಬೀನು ಹಿಡಿದರೆ ಮಗ್ಗುಲಿಡೀ ಕೆಂಪು. ಮೂತಿಯ ಉಬ್ಬು ಅರ್ಧ ನೀರಿನ ಮೇಲೆ. ಹಿಂದೆ ಪ್ರೊಪೆಲ್ಲರಿನ ಒಂದು ಎಲೆ ಸುತ್ತಿ ಸುತ್ತಿ ನೀರು ಬಡಿದು ಬಿಳಿ ನೊರೆ ಎಬ್ಬಿಸುತ್ತಿತ್ತು. ಹಿಂಭಾಗದ ಅಂಕಿ ಓದಿದೆ, 6ರ ಆಸುಪಾಸು. ಸರಕು ಪೂರ್ತಿ ಇಳಿಸಿ ಹೊರಟ ಹಡಗು, ಬರುವಾಗಿನ ಅಂಕಿಯನ್ನು ಇನ್ನೂ ಹೇಳುತ್ತಿತ್ತು. ಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡೆ: ಪರದೆ 12.6, ಕಣ್ಣು 6. ಅವತ್ತಿನಿಂದ ನನ್ನ ಪುಸ್ತಕದಲ್ಲಿ ಎರಡು ಕಾಲಂ ಇವೆ.

ಇವು ಮರೆವಿನ ತಪ್ಪುಗಳು. ಬೇಕೆಂದೇ ಮಾಡುವ ಸುಳ್ಳೂ ಇದೆ. ಯುದ್ಧನೌಕೆಗಳಿಗೆ ಎಐಎಸ್ ಕಡ್ಡಾಯವಲ್ಲ. ಕಡಲ್ಗಳ್ಳರ ಭಯ ಇರುವ ಕಡೆ ಕ್ಯಾಪ್ಟನ್ ಅದನ್ನು ಬಂದ್ ಮಾಡಬಹುದು. ಕೆಲವು ಹಡಗುಗಳು ಹೋಗುವ ಊರಿನ ಜಾಗದಲ್ಲಿ ‘ಬಂದೂಕುಧಾರಿ ಕಾವಲುಗಾರರಿದ್ದಾರೆ’ ಎಂದು ಬರೆದು ಕಳ್ಳರನ್ನು ಎಚ್ಚರಿಸುತ್ತವೆ. ನಿರ್ಬಂಧ ಹೇರಿದ ದೇಶಗಳ ತೈಲ ಸಾಗಿಸುವ ಟ್ಯಾಂಕರುಗಳು ಎಐಎಸ್ ಆರಿಸಿ ಕಾಣೆಯಾಗುತ್ತವೆ, ಅಥವಾ ಎಲ್ಲೋ ಇದ್ದುಕೊಂಡು ಇನ್ನೆಲ್ಲೋ ಇದ್ದ ಹಾಗೆ ತೋರಿಸುತ್ತವೆ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದ ನೊವೊರೊಸಿಸ್ಕ್ ಹತ್ತಿರ ಇಪ್ಪತ್ತಕ್ಕೂ ಹೆಚ್ಚು ಹಡಗುಗಳ ಜಿಪಿಎಸ್ ಅವುಗಳನ್ನು ನೆಲದ ಮೇಲಿನ ವಿಮಾನ ನಿಲ್ದಾಣವೊಂದರಲ್ಲಿ ತೋರಿಸಿತು. ಅಲ್ಲಿ ಹಡಗುಗಳ ತಪ್ಪಿರಲಿಲ್ಲ, ಅವುಗಳಿಗೆ ಬರುತ್ತಿದ್ದ ಜಿಪಿಎಸ್ ಸಂಕೇತವನ್ನೇ ಕೆಡಿಸಲಾಗಿತ್ತು.

2021ರ ಜೂನ್‌ನಲ್ಲಿ ನಡೆದದ್ದು ಇನ್ನೂ ಗಂಭೀರ. ಬ್ರಿಟನ್ನಿನ ಡಿಫೆಂಡರ್, ನೆದರ್ಲೆಂಡ್ಸ್‌ನ ಎವರ್ಟ್ಸೆನ್ ಎಂಬ ಎರಡು ಯುದ್ಧನೌಕೆಗಳು ಉಕ್ರೇನಿನ ಒಡೆಸಾ ಬಂದರಿನಲ್ಲಿದ್ದವು. ಎಐಎಸ್ ನಕ್ಷೆಯಲ್ಲಿ ಮಾತ್ರ ಅವು ರಾತ್ರೋರಾತ್ರಿ ಹೊರಟು, ರಷ್ಯಾದ ನೌಕಾನೆಲೆ ಇರುವ ಸೆವಾಸ್ಟೊಪೋಲ್ ಬಾಗಿಲ ತನಕ ಹೋದ ಹಾಗೆ ಗೆರೆ ಮೂಡಿತು. ಅದು ನಿಜವಾಗಿದ್ದರೆ ದೊಡ್ಡ ಜಗಳಕ್ಕೆ ಕಾರಣವಾಗುತ್ತಿತ್ತು. ಸುಳ್ಳು ಎಂದು ಹೇಗೆ ಗೊತ್ತಾಯಿತು? ಒಡೆಸಾ ಬಂದರಿನಲ್ಲಿ ಯಾರು ಬೇಕಾದರೂ ನೋಡಬಹುದಾದ ವೆಬ್‌ಕ್ಯಾಮ್ ಇತ್ತು. ಅದರಲ್ಲಿ ಎರಡೂ ಹಡಗು ರಾತ್ರಿಯಿಡೀ ಕಟ್ಟಿದಲ್ಲೇ ಇದ್ದವು. ಆ ಸುಳ್ಳು ಗೆರೆಯನ್ನು ಬಯಲು ಮಾಡಿದ್ದು ಒಂದು ಸಾಮಾನ್ಯ ಕ್ಯಾಮೆರಾ. ಹಡಗನ್ನು ಕಣ್ಣಾರೆ ನೋಡಿ, ಹೊತ್ತು ಬರೆದು, ಫೋಟೊ ತೆಗೆದಿಡುವುದು ವ್ಯರ್ಥ ಕೆಲಸ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಕತ್ತಲಾದ ಮೇಲೆ

ರಾತ್ರಿ ಹಡಗು ನೋಡುವುದು ಬೇರೆಯದೇ ವಿದ್ಯೆ. 1972ರ ಅಂತರರಾಷ್ಟ್ರೀಯ ನಿಯಮಗಳು ಯಾವ ದೀಪ ಎಲ್ಲಿರಬೇಕು ಎಂದು ಕಟ್ಟುನಿಟ್ಟಾಗಿ ಹೇಳುತ್ತವೆ. ಹಡಗಿನ ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು, ಹಿಂದೆ ಬಿಳಿ. 50 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗಿಗೆ ಮೇಲೆ ಎರಡು ಬಿಳಿ ದೀಪ, ಮುಂದಿನದು ತಗ್ಗು, ಹಿಂದಿನದು ಎತ್ತರ. ಇಷ್ಟು ಗೊತ್ತಿದ್ದರೆ ಸಾಕು. ತಗ್ಗಿನ ಬಿಳಿ ದೀಪ ಯಾವ ಕಡೆ ಇದೆಯೋ ಹಡಗು ಆ ಕಡೆ ಹೋಗುತ್ತಿದೆ. ಎರಡು ಬಿಳಿ ದೀಪಗಳು ಒಂದರ ಮೇಲೊಂದು ನೆಟ್ಟಗೆ ಕೂತು, ಕೆಳಗೆ ಕೆಂಪು ಹಸಿರು ಎರಡೂ ಕಂಡರೆ, ಹಡಗು ನೇರ ನಿಮ್ಮ ಕಡೆಗೇ ಬರುತ್ತಿದೆ.

ಇದನ್ನು ಕಣ್ಣೆದುರು ನೋಡುವುದು ಚೆಂದ. ಎರಡು ಬಣ್ಣವೂ ಉರಿಯುತ್ತ ಬರುತ್ತಿರುವಾಗ, ಒಂದು ಕ್ಷಣದಲ್ಲಿ ಕೆಂಪು ಆರಿದ ಹಾಗೆ ಆಗುತ್ತದೆ. ಆರಿಲ್ಲ, ಮರೆಯಾಗಿದೆ. ಈಗ ಕಾಣುವುದು ಹಸಿರು ಮಾತ್ರ, ಅಂದರೆ ಹಡಗು ತನ್ನ ಎಡಕ್ಕೆ ತಿರುಗಿ ಬಲಮಗ್ಗುಲು ತೋರಿಸುತ್ತಿದೆ. ಮೇಲಿನ ಎರಡು ಬಿಳಿ ದೀಪಗಳು ಮೆಲ್ಲಗೆ ಬಿಡಿಸಿಕೊಂಡು ದೂರ ಸರಿಯುತ್ತವೆ. ತಗ್ಗಿನದು ನಿಮ್ಮ ಬಲಕ್ಕೆ. ಮೂರು ನೂರು ಮೀಟರಿನ ಉಕ್ಕು ತಿರುಗಿದ್ದು ಮೂರು ಬೆಳಕಿನ ಚುಕ್ಕಿಗಳಿಂದ ತಿಳಿಯುತ್ತದೆ.

ಬಿಳಿಯ ಕೆಳಗೆ ಕೆಂಪು ಇದ್ದರೆ ಪೈಲಟ್ ದೋಣಿ, ಅಂದರೆ ಹಡಗಿಗೆ ಬಂದರಿನ ದಾರಿ ತೋರಿಸುವವರ ದೋಣಿ. ಕೆಂಪಿನ ಕೆಳಗೆ ಬಿಳಿ ಇದ್ದರೆ ಮೀನುಗಾರಿಕೆ, ಹಸಿರಿನ ಕೆಳಗೆ ಬಿಳಿ ಇದ್ದರೆ ಬಲೆ ಎಳೆಯುತ್ತಿರುವ ಟ್ರಾಲರ್. ಒಂದರ ಮೇಲೊಂದು ಎರಡು ಕೆಂಪು ಕಂಡರೆ ಆ ಹಡಗು ಹತೋಟಿಯಲ್ಲಿಲ್ಲ, ಇಂಜಿನ್ನೋ ಚುಕ್ಕಾಣಿಯೋ ಕೈಕೊಟ್ಟಿದೆ. ಲಂಗರು ಹಾಕಿದ ಹಡಗಿನಲ್ಲಿ ಲೆಕ್ಕ ತಿರುವುಮುರುವು: ಮುಂದಿನ ದೀಪ ಎತ್ತರ, ಹಿಂದಿನದು ತಗ್ಗು. ಹಗಲಿನಲ್ಲಿ ಅದೇ ಹಡಗು ಮುಂದೆ ಒಂದು ಕಪ್ಪು ಚೆಂಡು ನೇತುಹಾಕಿರುತ್ತದೆ.

ನಿಲ್ಲುವ ಜಾಗ, ಹಿಡಿಯುವ ಪುಸ್ತಕ

ಹಡಗುಗಳು ಇಕ್ಕಟ್ಟಿನಲ್ಲಿ ಹಾಯುವ ಕಡೆ ಈ ಹವ್ಯಾಸ ಬೇರು ಬಿಟ್ಟಿದೆ. ಇಸ್ತಾಂಬುಲ್ ನಗರದ ನಡುವೆ ಹಾಯುವ ಬಾಸ್ಫರಸ್ ಜಲಸಂಧಿ ಒಂದು ಕಡೆ ಬರೀ 700 ಮೀಟರ್ ಅಗಲ. ಅಲ್ಲಿನ ಹವ್ಯಾಸಿಗಳು ತೆಗೆದ ಫೋಟೊಗಳಿಂದ ಯಾವ ಯುದ್ಧನೌಕೆ ಯಾವತ್ತು ಕಪ್ಪು ಸಮುದ್ರಕ್ಕೆ ಹೋಯಿತು ಎಂದು ಜಗತ್ತಿಗೆ ತಿಳಿಯುತ್ತದೆ. ಜರ್ಮನಿಯ ಹ್ಯಾಂಬರ್ಗ್ ಹತ್ತಿರ ವೆಡೆಲ್ ಎಂಬಲ್ಲಿ, ಎಲ್ಬೆ ನದಿಯ ದಂಡೆಯಲ್ಲಿ, ಹೋಗಿ ಬರುವ ಹಡಗುಗಳಿಗೆ ಅವುಗಳ ದೇಶದ ರಾಷ್ಟ್ರಗೀತೆ ನುಡಿಸುತ್ತಾರೆ, 1952ರಿಂದಲೂ. ಅಮೆರಿಕದ ಡುಲುತ್‌ನಲ್ಲಿ ಕಾಲುವೆಯ ಮೇಲಿನ ಸೇತುವೆ ಲಿಫ್ಟಿನ ಹಾಗೆ ಮೇಲೇರುತ್ತದೆ. ಹಡಗು ಹಾರ್ನ್ ಹೊಡೆದರೆ ಸೇತುವೆ ಹಾರ್ನ್ ಹೊಡೆದು ಉತ್ತರ ಕೊಡುತ್ತದೆ.

ದುರ್ಬೀನು ಕೊಳ್ಳುವುದಾದರೆ 7x50 ನೋಡಿ. ಏಳು ಪಟ್ಟು ದೊಡ್ಡದು ಮಾಡುವಂಥದ್ದು ಕೈ ನಡುಗಿದರೂ ತಡೆಯುತ್ತದೆ, 50 ಮಿಲಿಮೀಟರಿನ ಕಣ್ಣು ಮಬ್ಬಿನಲ್ಲೂ ಬೆಳಕು ಹಿಡಿಯುತ್ತದೆ. ಹೊತ್ತನ್ನು ಯುಟಿಸಿ ಸಮಯದಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಬರೆದಿಡಿ. ಹಡಗುಗಳು, ನಕ್ಷೆಗಳು ಎಲ್ಲ ಆ ಲೆಕ್ಕದಲ್ಲೇ ನಡೆಯುತ್ತವೆ, ಆಮೇಲೆ ತಾಳೆ ನೋಡಲು ಸುಲಭ.

ನಿಯಮದ ವಿಷಯದಲ್ಲಿ ಸಲಿಗೆ ಬೇಡ. 2004ರಿಂದ ಬಂದರುಗಳ ಭದ್ರತೆಗೆ ಅಂತರರಾಷ್ಟ್ರೀಯ ಕಟ್ಟಳೆ ಇದೆ, ಬೇಲಿ ದಾಟುವ ಯೋಚನೆಯೇ ಮಾಡಬೇಡಿ. ಎಷ್ಟೋ ದೇಶಗಳಲ್ಲಿ ಬಂದರು, ನೌಕಾನೆಲೆಯ ಫೋಟೊ ತೆಗೆಯುವುದು ಅಪರಾಧ. ರೇಡಿಯೊ ಕೇಳುವ ಕಾನೂನೂ ದೇಶದಿಂದ ದೇಶಕ್ಕೆ ಬೇರೆ. ಮೊದಲು ವಿಚಾರಿಸಿಕೊಂಡು ಆಮೇಲೆ ಆಂಟೆನಾ ಏರಿಸಿ. ಇನ್ನೊಂದು ಮಾತು: ಫೋನಿನ ನಕ್ಷೆ ನಿಮಿಷಗಳಷ್ಟು ಹಳೆಯದಿರಬಹುದು, ಎಷ್ಟೋ ಸಣ್ಣ ದೋಣಿಗಳು ಅದರಲ್ಲಿ ಇರುವುದೇ ಇಲ್ಲ. ದೋಣಿಯಲ್ಲಿ ಕಡಲಿಗಿಳಿಯುವವರು ಅದನ್ನು ನಂಬಿ ದಾರಿ ಹುಡುಕಬಾರದು.

ನನ್ನ ಪುಸ್ತಕದಲ್ಲಿ ಒಂದು ಸಾಮಾನ್ಯ ಸರಕು ಹಡಗು ಎರಡು ಸಲ ಇದೆ. ಆರು ವರ್ಷಗಳ ಅಂತರ, ಎರಡು ಬೇರೆ ಹೆಸರು, ಎರಡು ಬೇರೆ ಬಾವುಟ. ಎರಡನೇ ಸಲ ಕಂಡಾಗ ನನಗೆ ಗುರುತೇ ಸಿಗಲಿಲ್ಲ. ಒಡಲಿಗೆ ಬೇರೆ ಬಣ್ಣ, ಹೊಗೆಕೊಳವೆಯ ಮೇಲೆ ಬೇರೆ ಲಾಂಛನ. ಫೋಟೊ ದೊಡ್ಡದು ಮಾಡಿ ನೋಡುವಾಗ ಮೂತಿಯ ಹತ್ತಿರ ಏನೋ ಉಬ್ಬು ಕಂಡಿತು. ಹಡಗಿನ ಹೆಸರನ್ನು ಬರೀ ಬಣ್ಣದಲ್ಲಿ ಬರೆಯುವುದಿಲ್ಲ. ಮೊದಲು ಉಕ್ಕಿನ ಮೇಲೆ ಅಕ್ಷರಗಳ ಅಂಚನ್ನು ವೆಲ್ಡಿಂಗ್ ಮಾಡಿ ಎಬ್ಬಿಸಿ, ಅದರೊಳಗೆ ಬಣ್ಣ ತುಂಬುತ್ತಾರೆ. ಹೆಸರು ಬದಲಾದಾಗ ಹಳೆಯ ಅಂಚನ್ನು ಪೂರ್ತಿ ಉಜ್ಜಿ ತೆಗೆಯದಿದ್ದರೆ ಅದು ಹೊಸ ಬಣ್ಣದ ಕೆಳಗೆ ಉಳಿದುಬಿಡುತ್ತದೆ. ಇಳಿಬಿಸಿಲು ಓರೆಯಾಗಿ ಬಿದ್ದದ್ದರಿಂದ ಆ ಹಳೆಯ ಅಕ್ಷರಗಳ ನೆರಳು ಕಾಣುತ್ತಿತ್ತು. ಒಂದೊಂದಾಗಿ ಓದಿದೆ. ಹಿಂದಿನ ಪುಟ ತಿರುವಿ ಐಎಂಒ ಸಂಖ್ಯೆ ನೋಡಿದೆ. ಏಳಕ್ಕೆ ಏಳು ಅಂಕಿಯೂ ಅದೇ.

ಈಗ ಆ ಹಡಗಿಗೆ 27 ವರ್ಷ. ಹೆಚ್ಚಿನ ಹಡಗುಗಳ ಆಯಸ್ಸು ಮುಗಿಯುವ ವಯಸ್ಸು. ಕೊನೆಯ ಯಾನದಲ್ಲಿ ಎಷ್ಟೋ ಸಲ ಹೆಸರಿನ ಒಂದೆರಡು ಅಕ್ಷರ ಅಳಿಸಿ ಮೊಟಕು ಮಾಡುತ್ತಾರೆ, ಬಾವುಟ ಬದಲಿಸುತ್ತಾರೆ, ಆಮೇಲೆ ಹಡಗು ಗುಜರಾತಿನ ಅಲಂಗ್‌ಗೋ ಬಾಂಗ್ಲಾದೇಶದ ಚಟ್ಟೋಗ್ರಾಮಕ್ಕೋ ಒಡೆಸಿಕೊಳ್ಳಲು ಹೋಗಿ ಉಬ್ಬರದ ಹೊತ್ತಿನಲ್ಲಿ ದಂಡೆಗೆ ಏರುತ್ತದೆ. ನಾನು ವಾರಕ್ಕೊಮ್ಮೆ ಆ ಏಳು ಅಂಕಿಗಳನ್ನು ಒತ್ತಿ ನೋಡುತ್ತೇನೆ. ನಿನ್ನೆ ರಾತ್ರಿ ಅದು ಮಲಕ್ಕಾ ಜಲಸಂಧಿಯಲ್ಲಿತ್ತು. ವೇಗ 9 ನಾಟ್, ಮುಖ ವಾಯವ್ಯಕ್ಕೆ.